ಬೀಗ ಬಿದ್ದ ಲಾಗಿನ್

ಮುಂಡಗೋಡದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ವೀರೇಶ, ಹಳಿಯಾಳದ ಬೀಜ ಸಂಸ್ಥೆಗೆ ಬರುವಂತಾದದ್ದು ಒಂದು ಕಳ್ಳ ಮೇಲ್‌ನಿಂದ. ಯಾರೋ ಅದನ್ನು ತೆರೆದದ್ದರಿಂದ ಆಫೀಸಿನ ಕಂಪ್ಯೂಟರುಗಳೆಲ್ಲ ನಿಂತುಹೋಗಿದ್ದವು. ಅವನ್ನು ಸರಿಪಡಿಸಿದ ಮೇಲೆ, ಮತ್ತೆ ಹೀಗಾಗದಂತೆ ತಾನೇ ತಾನಾಗಿ ಕಾವಲು ಕಾಯುವ ಆಟೊಮೇಷನ್ ಕೂರಿಸುವ ಕೆಲಸವೂ ಅವನಿಗೇ ಬಂತು. ಸಂಸ್ಥೆಯ ಕಡೆಯಿಂದ ಜೊತೆಗೆ ಕೂತವಳು ಶಿವಗಂಗಾ.

ಅನುಮಾನದ ಮೇಲ್ ಬಂದಾಗೆಲ್ಲ ಅವಳು ಅವನಿಗೆ ಫೋನ್ ಮಾಡುತ್ತಿದ್ದಳು. ಬರಬರುತ್ತ ಅನುಮಾನವಿಲ್ಲದ ಮೇಲ್‌ಗಳಿಗೂ ಮಾಡತೊಡಗಿದಳು. ಅವನ ದನಿಯಲ್ಲಿ ನಗು ಇರುತ್ತಿತ್ತು. ಎದುರು ಕೂತಾಗ ಮಾತ್ರ ಅವನು ಅವಳನ್ನು ನೋಡದೆ ಎಲ್ಲವನ್ನೂ ಪರದೆಗೆ ಹೇಳುತ್ತಿದ್ದ. ಅವಳು ಅವನ ಕಿವಿ ಕೆಂಪಾಗುವುದನ್ನು ನೋಡುತ್ತಿದ್ದಳು.

ಕಬ್ಬು ಕಡಿಯುವ ಹಂಗಾಮು ಶುರುವಾಗುವ ಹೊತ್ತಿಗೆ ಕೆಲಸ ಮುಗಿಯಿತು. ಈಗ ಕಳ್ಳ ಮೇಲ್‌ಗಳನ್ನು ಆಟೊಮೇಷನ್ನೇ ಹಿಡಿಯುತ್ತಿತ್ತು. ಹೊರಗಿನಿಂದ ಯಾರಾದರೂ ಒಳಬರಲು ನೋಡಿದರೆ ತಕ್ಷಣ ಬೀಗ ಹಾಕುತ್ತಿತ್ತು. ಮ್ಯಾನೇಜರ್ ನಾಗಲಿಂಗಪ್ಪನವರು ಬಹಳ ಮೆಚ್ಚಿದರು. ವೀರೇಶ ಮುಂಡಗೋಡಕ್ಕೆ ಮರಳಿದ.

ಅವನಿಗೆ ಫೋನ್ ಮಾಡಲು ಶಿವಗಂಗಾಳಿಗೆ ಒಂದು ನೆಪವೂ ಉಳಿಯಲಿಲ್ಲ. ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು ಇವನು ಎಂದುಕೊಂಡಳು. ಅವನ ನಂಬರು ತೆಗೆಯುವಳು, ನೋಡುವಳು, ಫೋನ್ ಬೋರಲು ಇಡುವಳು.

ಒಂದು ಬೆಳಿಗ್ಗೆ ಪರದೆಯ ಮೇಲೆ ಎಚ್ಚರಿಕೆ ಮೂಡಿತು. ಮುಂಡಗೋಡದಿಂದ ಯಾರೋ ಒಳಬರಲು ನೋಡಿದ್ದರು. ಲಾಗಿನ್‌ಗೆ ಬೀಗ ಬಿದ್ದಿತ್ತು. ಹೆಸರು ವೀರೇಶನದು. ಅವನ ಹೆಸರಿನಲ್ಲಿ ಕಳ್ಳನೇನಾದರೂ ಬಂದಿದ್ದರೆ ಎಂದು ಅವಳು ಹೆದರಿದಳು. ಅವನೇ ಆಗಿದ್ದರೆ, ಕೆಲಸ ಮುಗಿದ ಮೇಲೆ ಒಳನುಗ್ಗಿದನೆಂದು ಅವನ ಹೆಸರು ಕೆಡುತ್ತಿತ್ತು. ಕೂಡಲೇ ಫೋನ್ ಮಾಡಿದಳು.

“ಒಳಗ ಬರಾಕ ನೋಡಿದವ್ರು ನೀವೇನ್ರಿ?”

“ಹೌದ್ರಿ. ನಾನ.”

“ಯಾಕ?”

ಅವನು ಬಸ್ ನಿಲ್ದಾಣದಲ್ಲಿದ್ದ. ಹಿಂದೆ ಕಂಡಕ್ಟರೊಬ್ಬ ಹುಬ್ಬಳ್ಳಿ, ಹುಬ್ಬಳ್ಳಿ ಎಂದು ಕೂಗುವುದು ಕೇಳಿಸಿತು.

“ಒಳಗ ಬಂದ್ರ, ಯಾರ್ ಕೆಲಸದಾಗ ಅದಾರಂತ ಹೆಸರು ಕಾಣ್ತಾವಲ್ರಿ. ನಿಮ್ಮ ಹೆಸರು ಒಮ್ಮೆ ನೋಡೂಣು ಅನಿಸ್ತು. ತಪ್ಪಾತು.”

ಶಿವಗಂಗಾ ಪರದೆಯ ಮೇಲಿನ ಎಚ್ಚರಿಕೆಯನ್ನು ಮತ್ತೊಮ್ಮೆ ಓದಿದಳು. ಇದನ್ನು ನಾಗಲಿಂಗಪ್ಪನವರಿಗೆ ಹೇಗೆ ತಿಳಿಸಲಿ ಎಂದು ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳಿ, ಬೈಸಿಕೊಳ್ಳುತ್ತೇನೆ ಎಂದ ಅವನು.

“ಆ ಬೀಗ ನಾ ತೆಗ್ಯಂಗಿಲ್ರಿ,” ಎಂದಳು ಅವಳು ಮೆಲ್ಲಗೆ. “ಬರೇ ಹೆಸರು ನೋಡಿ ಏನ್ ಮಾಡ್ತೀರಿ? ನೀವ ಬರ್ರಿ.”

“ಇವತ್ತ?”

“ಇವತ್ತ. ಊಟಕ್ಕ ಕಾಯ್ತೇನಿ.”

ಫೋನ್ ಇಟ್ಟು, ಅವಳು ವೀರೇಶನ ಲಾಗಿನ್ ಅನ್ನು ಪೂರ್ತಿ ಅಳಿಸಿದಳು. ಪರದೆ ಕಾರಣ ಕೇಳಿತು. ‘ಇನ್ನು ಬೇಕಾಗಿಲ್ಲ’ ಎಂದು ಬರೆದಳು.