ತಟ್ಟೆ ಬಿಟ್ಟು ಪಾತ್ರೆ ಒಯ್ದವರು

ಎಲೀಶ ಮೇಷ್ಟ್ರ ಜಗುಲಿಯ ಮೇಲೆ ಒಂದು ಲೋಟ ಚಹಾ ಕುಡಿಯದೆ ವಾಮದೇವಪ್ಪನವರಿಗೆ ಬೆಳಗಾಗುತ್ತಿರಲಿಲ್ಲ. ದಾವಣಗೆರೆಯ ಜವಳಿ ವ್ಯಾಪಾರಿ, ಹಣೆಯ ತುಂಬ ವಿಭೂತಿ, ಕುಡಿಯುವುದು ಕ್ರೈಸ್ತರ ಮನೆಯ ಚಹಾ. ಹೆಂಡತಿ ಸರ್ವಮಂಗಳಮ್ಮ ಮೊದಮೊದಲು ಗೊಣಗಿ, ಆಮೇಲೆ ಹೇಳುವುದನ್ನೇ ಬಿಟ್ಟಿದ್ದರು. ನಿಜ ಹೇಳಬೇಕೆಂದರೆ ವಾಮದೇವಪ್ಪನವರನ್ನು ಅಲ್ಲಿಗೆ ಎಳೆಯುತ್ತಿದ್ದುದು ಚಹಾ ಅಲ್ಲ, ಮೇಷ್ಟ್ರ ತಲೆ. ಮಿಷನ್ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಆ ಸಣಕಲು ಮನುಷ್ಯನ ಹತ್ತಿರ, ಊರಲ್ಲಿ ಏನೇ ಕಳೆದರೂ ಜನ ಪೊಲೀಸ್ ಠಾಣೆಗಿಂತ ಮೊದಲು ಬರುತ್ತಿದ್ದರು.

ಐವತ್ತೆಂಟನೇ ಇಸವಿಯ ಒಂದು ಶನಿವಾರ ಹಾಗೆ ಬಂದವರು ಹರಿಹರದ ಕ್ರೈಸ್ತ ಸಭೆಯ ಪಾದ್ರಿ ಪ್ರಭುಪ್ರಸಾದ್ ಅಯ್ಯನವರು. ಇನ್ನೂ ಹರೆಯದ ಪಾದ್ರಿ. ಮುಖ ಬಾಡಿಹೋಗಿತ್ತು.

ಮರುದಿನ ಕರ್ತನ ಭೋಜನದ ಆರಾಧನೆ, ಯೇಸುವಿನ ಕೊನೆಯ ಊಟದ ನೆನಪಿಗೆ ಸಭೆಯೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ಅದಕ್ಕೆ ಬೇಕಾದ ಬೆಳ್ಳಿಯ ಪಾನಪಾತ್ರೆ ದೇವಾಲಯದ ಪಕ್ಕದ ಕೋಣೆಯ ಬೀರುವಿನಿಂದ ಮಾಯವಾಗಿತ್ತು. ಹಿಂದಿನ ಸಂಜೆ ಅಯ್ಯನವರೇ ಅದನ್ನು ಕಣ್ಣಾರೆ ನೋಡಿದ್ದರು. ಬೀಗ ಒಡೆದಿರಲಿಲ್ಲ. ಬೀಗದ ಕೈ ಅವರ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಆ ಅಡುಗೆಮನೆಯೋ ಸಭೆಯ ಜನಕ್ಕೆಲ್ಲ ತವರುಮನೆ ಇದ್ದಂತೆ. ಆದರೆ ಸಭಾಹಿರಿಯ ಅಮೃತರಾಜರ ಬೆರಳು ಹೋದದ್ದು ಒಬ್ಬನ ಕಡೆಗೇ. ಗಂಟೆ ಬಾರಿಸಿ, ಕಸ ಗುಡಿಸಿ, ಕಾಂಪೌಂಡಿನ ಮೂಲೆಯ ಮನೆಯಲ್ಲಿ ಬಾಳುತ್ತಿದ್ದ ಯೋಬಪ್ಪನ ಕಡೆಗೆ. ಅವನ ಹೆಂಡತಿ ರೂತಮ್ಮ ಕ್ಷಯ ಬಂದು ಆಸ್ಪತ್ರೆಯಲ್ಲಿದ್ದು, ಗುಣವಾಯಿತೆಂದು ಡಾಕ್ಟರು ಹೇಳಿದ ಮೇಲೆ ಮನೆಗೆ ಬಂದಿದ್ದಳು. ಅವಳಿಗೆ ಹಾಲು, ಮೊಟ್ಟೆ ಬೇಕು, ಅದಕ್ಕೆ ಪಾತ್ರೆ ಮಾರಿದ್ದಾನೆ ಎಂದು ಅಮೃತರಾಜರ ಲೆಕ್ಕ. ಬೇಲಿಯೇ ಎದ್ದು ಹೊಲ ಮೇಯ್ದಿದೆ, ನಾಳೆಯೊಳಗೆ ಪಾತ್ರೆ ಸಿಗದಿದ್ದರೆ ಗಂಡಹೆಂಡಿರಿಬ್ಬರೂ ಮನೆ ಖಾಲಿ ಮಾಡಲಿ, ಆಮೇಲೆ ಪೊಲೀಸರು ನೋಡಿಕೊಳ್ಳಲಿ ಎಂದುಬಿಟ್ಟಿದ್ದರು.

"ಯೋಬಪ್ಪ ಅಲ್ಲ ಅಂತ ಖಡಾಖಂಡಿತ ಹೇಳಿದೋರು ಒಬ್ರೇ ಮೇಷ್ಟ್ರೇ," ಎಂದರು ಅಯ್ಯನವರು. "ಅಮೃತರಾಜರ ತಾಯಿ, ಜ್ಞಾನಮ್ಮ. ದಾವಣಗೆರೆ ಮೇಷ್ಟ್ರನ್ನ ಕರಕೊಂಡು ಬಾ ಅಂತ ನನ್ನನ್ನ ಬಸ್ಸಿಗೆ ಹತ್ತಿಸಿದ್ದೂ ಅವರೇ."

ಮೇಷ್ಟ್ರು ಕೊಡೆ ತೆಗೆದುಕೊಂಡರು. ವಾಮದೇವಪ್ಪನವರು ಅಂಗಡಿಯನ್ನು ಗುಮಾಸ್ತ ಹಿದಾಯತನಿಗೆ ಒಪ್ಪಿಸಿ ಹಿಂದೆಯೇ ಹೊರಟರು. ಶನಿವಾರದ ವ್ಯಾಪಾರ ಮುಂದಿನ ವಾರವೂ ಇರುತ್ತದೆ, ಇಂಥದ್ದು ಎಲ್ಲಿ ಸಿಗಬೇಕು?

ಹರಿಹರದ ದೇವಾಲಯ ಸಣ್ಣದು, ಚೊಕ್ಕಟವಾದದ್ದು. ಬಾಗಿಲ ಬಳಿ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ ಕಲ್ಲುತೊಟ್ಟಿಗೆ ಮರದ ಮುಚ್ಚಳವಿತ್ತು. ಅದರ ಮೇಲಿರಬೇಕಾದ ಹೂದಾನಿ ಕಿಟಕಿಯ ಕಟ್ಟೆಯಲ್ಲಿ ಕೂತಿತ್ತು. ಮುಚ್ಚಳದ ಮೇಲೆ ಹೂದಾನಿಯ ದುಂಡನೆಯ ಗುರುತು ಇನ್ನೂ ಮಾಸಿರಲಿಲ್ಲ. ಮೇಷ್ಟ್ರು ಒಂದು ಗಳಿಗೆ ನಿಂತು ನೋಡಿ ಒಳಕೋಣೆಗೆ ನಡೆದರು.

ಬೀರುವಿನ ಮೇಲಂಕಣದಲ್ಲಿ ರೊಟ್ಟಿ ಇಡುವ ಬೆಳ್ಳಿಯ ತಟ್ಟೆ ಇದ್ದಲ್ಲೇ ಇತ್ತು. ವಾಮದೇವಪ್ಪನವರು ಅದನ್ನು ಕೈಯಲ್ಲಿ ತೂಗಿ ನೋಡಿ, ಪಾತ್ರೆಯೂ ಇಷ್ಟೇ ಭಾರವೇ ಎಂದು ಕೇಳಿದರು. ಇದರ ಅರ್ಧವೂ ಇಲ್ಲ ಎಂದರು ಅಯ್ಯನವರು. ಹಾಗಾದರೆ ಎಂಥ ದಡ್ಡ ಕಳ್ಳ ಎಂದು ವ್ಯಾಪಾರಿಯ ಜೀವ ಚುರುಗುಟ್ಟಿತು.

ಕೆಳಗಿನ ಅಂಕಣದಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಬೆಂಗಳೂರಿನ ಯಾರೋ ಸಭೆಗೆ ಕೊಟ್ಟ ಹೆಬ್ಬೆರಳುದ್ದದ ಗಾಜಿನ ಬಟ್ಟಲುಗಳು, ಒಬ್ಬರಿಗೆ ಒಂದರಂತೆ. ಬಂದಂದಿನಿಂದ ಅವನ್ನು ಯಾರೂ ಮುಟ್ಟಿಲ್ಲ, ಕರ್ತನು ಕೊಟ್ಟದ್ದು ಒಂದೇ ಪಾತ್ರೆ ಎಂದು ಹೇಳಿ ಅಮೃತರಾಜರು ಇವನ್ನು ಒಪ್ಪುವುದಿಲ್ಲ ಎಂದರು ಅಯ್ಯನವರು. ಮೇಷ್ಟ್ರು ಪೆಟ್ಟಿಗೆ ತೆರೆದರು. ಬಟ್ಟಲುಗಳು ಬೆಳಗಿ ಇಟ್ಟಂತೆ ಹೊಳೆಯುತ್ತಿದ್ದವು. ಒಂದರ ಅಂಚಿನಲ್ಲಿ ಮಾತ್ರ ಏನೋ ಬಿಳಿಯ ಪುಡಿ ಅಂಟಿತ್ತು.

ವಾಮದೇವಪ್ಪನವರು ಅದನ್ನು ಬೆರಳಲ್ಲಿ ತಿಕ್ಕಿ, "ವಿಭೂತಿ," ಎಂದರು. "ದಿನಾ ಹಚ್ಚೋನಿಗೆ ಗೊತ್ತಾಗಲ್ವೇನ್ರಿ?"

ಹೇಳಿದ ಮೇಲೆ, ಆ ಕೋಣೆಯಲ್ಲಿ ವಿಭೂತಿ ಧರಿಸಿದವರು ತಾವೊಬ್ಬರೇ ಎಂದು ಹೊಳೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವ ಹಾಗೆ ಹಣೆ ಮುಟ್ಟಿಕೊಂಡರು. ಮಾತು ಮರೆಸಲು, ಅಷ್ಟೂ ಜನ ಒಂದೇ ಪಾತ್ರೆಯಲ್ಲಿ ಕುಡಿದರೆ ಎಂಜಲಾಗುವುದಿಲ್ಲವೇ ಎಂದು ಕೇಳಿದರು. ಮೇಜಿನ ಮುಂದಿನ ಕಟಾಂಜನದ ಅಡ್ಡಗಂಬಿಯ ಎದುರು ಸಾಲಾಗಿ ಮಂಡಿಯೂರುತ್ತೇವೆ, ಪಾತ್ರೆ ಬಾಯಿಂದ ಬಾಯಿಗೆ ಹೋಗುತ್ತದೆ, ಮೊದಲು ಗಂಡಸರ ಪಂಕ್ತಿ, ಆಮೇಲೆ ಹೆಂಗಸರದು, ಮೇಲುಕೀಳಿಲ್ಲ ಎನ್ನುವುದೇ ಅದರ ಅರ್ಥ ಎಂದು ಅಯ್ಯನವರು ಬಿಡಿಸಿ ಹೇಳಿದರು. ಮೇಷ್ಟ್ರು ಗೆಳೆಯನ ಮುಖವನ್ನೇ ನೋಡುತ್ತಿದ್ದರು.

"ಭಾಳ ಒಳ್ಳೆ ಪ್ರಶ್ನೆ ಕೇಳಿದ್ರಿ," ಎಂದರು.

ಯೋಬಪ್ಪನ ಮನೆಯಲ್ಲಿ ಪಾತ್ರೆಪಡಗವೆಲ್ಲ ಹುಡುಕಿ ಚೆಲ್ಲಾಡಿದ್ದು ಹಾಗೆಯೇ ಬಿದ್ದಿತ್ತು. ಅವನು ಗೋಡೆಗೊರಗಿ ಕೂತಿದ್ದ. ಈ ಮನೆ ಹೋದರೆ ಗುಣವಾಗಿ ಬಂದ ಹೆಂಡತಿಯನ್ನು ಯಾವ ಸೂರಿನಡಿ ಮಲಗಿಸಲಿ ಎಂಬುದೊಂದೇ ಅವನ ಚಿಂತೆ. ನಾಳೆ ಆರಾಧನೆಗೆ ಬರುತ್ತೀಯಾ ಎಂದು ಮೇಷ್ಟ್ರು ರೂತಮ್ಮನನ್ನು ಕೇಳಿದರು.

"ಬರ್ತೀನ್ರಿ. ಪಂಕ್ತಿಗೆ ಹೋಗಲ್ಲ." ಅಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. ಹೋದ ಸಲ ಪಂಕ್ತಿಯಲ್ಲಿ ಅವಳೊಬ್ಬಳೇ ಉಳಿದಿದ್ದಳೆಂದು ಯೋಬಪ್ಪ ನೆಲ ನೋಡುತ್ತ ಹೇಳಿದ.

ಕೊನೆಗೆ ಜ್ಞಾನಮ್ಮನ ಮನೆ. ಮದುವೆಯಾಗಿ ಬಂದಾಗಿನಿಂದ ದೇವಾಲಯದ ಬೆಳ್ಳಿ ಬೆಳಗುವುದು ಆಕೆಯದೇ ಸೇವೆ. ಮಜ್ಜಿಗೆ ಕೊಟ್ಟು ಉಪಚರಿಸಿದರು. ಕೈತೊಳೆಯಲು ಬಚ್ಚಲಿಗೆ ಹೋದ ವಾಮದೇವಪ್ಪನವರಿಗೆ ಹುಣಸೆಹಣ್ಣಿನ ಪಕ್ಕದಲ್ಲೇ ವಿಭೂತಿಯ ಗಟ್ಟಿ ಕಂಡು ಕಾಲು ನಿಂತಿತು. ನೀರು ಕೊಡಲು ಹಿಂದೆಯೇ ಬಂದಿದ್ದ ಮುದುಕಿ ದನಿ ತಗ್ಗಿಸಿದರು.

"ಬೆಳ್ಳಿಗೆ ಅದು ಬಿಟ್ಟು ಬ್ಯಾರೆ ಏನು ಹಚ್ಚಿದ್ರೂ ಹೊಳಿಯಲ್ಲಪ್ಪ. ಅಯ್ಯನವರಿಗೆ ಹೇಳಬ್ಯಾಡ."

ಸಂಜೆ ಎಲ್ಲರನ್ನೂ ದೇವಾಲಯದಲ್ಲಿ ಕೂಡಿಸಿದರು. ಅಮೃತರಾಜರು ಮುಂದಿನ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಕರಿಹಲಗೆಯ ಮುಂದೆ ನಿಂತವರ ಹಾಗೆ ನಿಂತು ಮೇಷ್ಟ್ರು ಶುರುಮಾಡಿದರು.

ಹಣಕ್ಕಾಗಿ ಕದ್ದವನು ಭಾರದ ತಟ್ಟೆ ಬಿಟ್ಟು ಹಗುರದ ಪಾತ್ರೆ ಒಯ್ಯುವುದಿಲ್ಲ. ಆದ್ದರಿಂದ ಯೋಬಪ್ಪನ ಬಡತನಕ್ಕೂ ಇದಕ್ಕೂ ಸಂಬಂಧವಿಲ್ಲ. ಪಾತ್ರೆ ತೆಗೆದ ಕೈ ಗಾಜಿನ ಬಟ್ಟಲುಗಳನ್ನು ತೊಳೆದು ಸಿದ್ಧಮಾಡಿಟ್ಟಿದೆ. ಎಂದರೆ ಪಾತ್ರೆ ಸಿಗದೆ, ಬೇರೆ ದಾರಿ ಕಾಣದೆ, ನಾಳೆ ಆ ಬಟ್ಟಲುಗಳನ್ನೇ ಬಳಸಲಿ ಎಂಬುದು ಅದರ ಆಸೆ. ಯಾಕೆ?

"ಒಂದೇ ಪಾತ್ರೇಲಿ ಹೆಂಗೆ ಕುಡೀತೀರಿ ಅಂತ ನನ್ನ ಗೆಳೆಯರು ಕೇಳಿದ್ರು. ಹೊರಗಿನವರು ಅವರು, ಕೇಳಿದ್ರು. ಒಳಗಿನ ನಾವು ಬಾಯಿ ಬಿಡಲಿಲ್ಲ, ಪಂಕ್ತಿಯಿಂದ ಎದ್ದುಬಿಟ್ವಿ. ರೂತಮ್ಮ ಒಬ್ಬಳೇ ಉಳಿದಳು. ಅದನ್ನ ಇನ್ನೊಂದು ಸಲ ನೋಡಲಾರದೋರು ಪಾತ್ರೆ ತೆಗೆದ್ರು."

ಬಟ್ಟಲುಗಳನ್ನು ಒರೆಸಿದ ಬಟ್ಟೆಯಲ್ಲಿ ವಿಭೂತಿ ಇತ್ತು, ಅದು ಬೆಳ್ಳಿ ಬೆಳಗುವ ಬಟ್ಟೆ ಎಂದು ಮೇಷ್ಟ್ರು ಮುಂದುವರಿಸಿದರು. ಊರೆಲ್ಲ ಯೋಬಪ್ಪನನ್ನು ಶಂಕಿಸಿದಾಗ ಅವನಲ್ಲವೆಂದು ಅಷ್ಟು ಗಟ್ಟಿಯಾಗಿ ಹೇಳಬೇಕಾದರೆ ಯಾರೆಂದು ಗೊತ್ತಿರಬೇಕು. ಇನ್ನು, ಕರ್ತನ ಸೇವೆಯಲ್ಲೇ ಕೈ ಸವೆಸಿದವರು ಕರ್ತನ ವಸ್ತುವನ್ನು ಅವನ ಮನೆಯಿಂದ ಹೊರಗೆ ಒಯ್ಯಲಾರರು. ಮೇಷ್ಟ್ರು ಹೂದಾನಿ ಸರಿದಿದ್ದ ಆ ಕಲ್ಲುತೊಟ್ಟಿಯ ಮುಚ್ಚಳ ಎತ್ತಿದರು. ಮಗುವಿನ ದೀಕ್ಷಾಸ್ನಾನವಿಲ್ಲದೆ ಯಾರೂ ತೆರೆಯದ ಆ ತೊಟ್ಟಿಯ ತಳದಲ್ಲಿ, ಬಿಳಿ ಬಟ್ಟೆ ಸುತ್ತಿಕೊಂಡು ಬೆಳ್ಳಿಯ ಪಾತ್ರೆ ಮಲಗಿತ್ತು.

ಜ್ಞಾನಮ್ಮ ತಾವಾಗಿಯೇ ಎದ್ದು ನಿಂತರು.

"ನಾನೇ ತೆಗೆದಿಟ್ಟೆ," ಎಂದರು ಮುದುಕಿ. "ಯೋಬಪ್ಪನ ಮ್ಯಾಲೆ ಬರ್ತದಂತ ತಿಳೀಲಿಲ್ಲ. ತಿಳಿದ ಮ್ಯಾಲೂ ಬಾಯಿ ಬರಲಿಲ್ಲ, ಅದಕ್ಕೇ ಮೇಷ್ಟ್ರನ್ನ ಕರೆಸಿದೆ." ಆಮೇಲೆ ಮಗನ ಕಡೆ ತಿರುಗಿದರು. "ಆವತ್ತು ಮೊದಲು ಎದ್ದೋಳು ನಿನ್ನ ಹೆಂಡ್ತಿ. ಏಳು ಅಂತ ಕಣ್ಣು ಮಾಡಿದೋನು ನೀನು. ನಾನೂ ಎದ್ದೆನಪ್ಪ. ಮನ್ಯಾಗೆ ಮೊಮ್ಮಕ್ಕಳದಾವೆ ಅಂತ ಹೆದರಿ ಎದ್ದೆ. ಈ ಸಲ ಕೂಡ್ರೋಕೆ ಧೈರ್ಯ ಇರಲಿಲ್ಲ, ಅದಕ್ಕೆ ಉಪಾಯ ಮಾಡಿದೆ."

ಅಮೃತರಾಜರು ಎದ್ದು, ಯೋಬಪ್ಪನ ಮುಂದೆ ಒಂದು ಕ್ಷಣ ನಿಂತು ಹೊರಟುಹೋದರು. ಮನೆ ನಿನ್ನದೇ, ಎಲ್ಲಿಗೂ ಹೋಗಬೇಕಿಲ್ಲ ಎಂದು ಅಯ್ಯನವರೇ ಯೋಬಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಬೇಕಾಯಿತು.

ಅಂದು ರಾತ್ರಿ ಹರಿಹರದಲ್ಲೇ ಉಳಿದ ವಾಮದೇವಪ್ಪನವರು ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ದೇವಾಲಯದ ಹಿಂದಿನ ಬೆಂಚಿನಲ್ಲಿ ಮೇಷ್ಟ್ರ ಪಕ್ಕ ಕೂತರು. ಅಯ್ಯನವರು ಮೇಜಿನ ಮೇಲೆ ಎರಡನ್ನೂ ಇಟ್ಟಿದ್ದರು, ಬೆಳ್ಳಿಯ ಪಾತ್ರೆಯನ್ನೂ ಗಾಜಿನ ಬಟ್ಟಲುಗಳನ್ನೂ. ಗಂಡಸರ ಪಂಕ್ತಿ ಮುಗಿಯಿತು. ಅಮೃತರಾಜರು ಮಾತ್ರ ಹೋಗಿರಲಿಲ್ಲ. ಹೆಂಗಸರ ಸರದಿ ಬಂದಾಗ ಜ್ಞಾನಮ್ಮ ಸೀದಾ ಹಿಂದಕ್ಕೆ ಬಂದು ರೂತಮ್ಮನ ಕೈ ಹಿಡಿದು ಎಬ್ಬಿಸಿದರು. ಇಬ್ಬರೂ ಹೋಗಿ ಮಂಡಿಯೂರಿದರು.

ಆಗ ಅಮೃತರಾಜರು ಎದ್ದರು. ಇಡೀ ಸಭೆ ನೋಡುತ್ತಿರಲು ಹೆಂಗಸರ ಪಂಕ್ತಿಗೆ ನಡೆದು ರೂತಮ್ಮನ ಇನ್ನೊಂದು ಮಗ್ಗುಲಲ್ಲಿ ಮಂಡಿಯೂರಿದರು. ಅಯ್ಯನವರ ಕೈ ಗಾಜಿನ ಬಟ್ಟಲುಗಳತ್ತ ಹೋಯಿತು. ಅಮೃತರಾಜರು ತಲೆಯಾಡಿಸಿ ಬೆಳ್ಳಿಯ ಪಾತ್ರೆಯನ್ನು ತೋರಿಸಿದರು.

"ಮೊದಲು ಈ ತಂಗಿಗೆ ಕೊಡ್ರಿ. ಆಮೇಲೆ ನನಗೆ."

ರೂತಮ್ಮ ಕುಡಿದಳು. ಒಬ್ಬೊಬ್ಬರು ಕುಡಿದಾದ ಮೇಲೂ ಅಂಚು ಒರೆಸುವುದು ವಾಡಿಕೆ, ಅಯ್ಯನವರು ಬಿಳಿ ಬಟ್ಟೆ ಎತ್ತಿಕೊಂಡರು. ಅಮೃತರಾಜರು ಅವರ ಕೈ ತಡೆದರು.

"ಒರೆಸಬ್ಯಾಡ್ರಿ," ಎಂದು ಹೇಳಿ, ಅವಳು ಬಾಯಿಟ್ಟಲ್ಲೇ ಬಾಯಿಟ್ಟು ಕುಡಿದರು.