ಬೆಂಚಿನ ಆ ಬದಿ

ಅಜ್ಜ ತೀರಿಕೊಂಡ ಸುದ್ದಿ ಮನೆಗೆ ಬಂದದ್ದು ಅಜ್ಜಿಯ ತಲೆ ಪೂರ್ತಿ ಬೆಳ್ಳಗಾದ ಮೇಲೆ.

ಯುದ್ಧಕ್ಕೆ ಹೋದವನು ಮರಳಿರಲಿಲ್ಲ. ಸತ್ತನೆಂದೂ ಯಾರೂ ಹೇಳಿರಲಿಲ್ಲ. ಆ ಮಧ್ಯಾಹ್ನ ಸೇನೆಯ ಅಧಿಕಾರಿಯೊಬ್ಬರು ಬಂದು, ಹಳೆಯ ಕಂದಕದ ಮಣ್ಣಿನಲ್ಲಿ ಸಿಕ್ಕ ತಗಡಿನ ಬಿಲ್ಲೆಯನ್ನು ಅಜ್ಜಿಯ ಅಂಗೈಯಲ್ಲಿಟ್ಟರು. ಅದರ ಮೇಲೆ ಅಜ್ಜನ ಹೆಸರಿತ್ತು.

ಅಜ್ಜಿ ಅಳಲಿಲ್ಲ. ಬಿಲ್ಲೆಯನ್ನು ಬೆರಳಿನಿಂದ ಒರೆಸುತ್ತಲೇ ಇದ್ದಳು...

ಅಧಿಕಾರಿ ಹೊರಟರೆ, ಅದೇ ಬಾಗಿಲಲ್ಲಿ ಕ್ಯಾಮೆರಾ ಹೊತ್ತ ಯುವಕನೊಬ್ಬ ನಿಂತಿದ್ದ!

ಮೊಮ್ಮಗಳು ಅಡ್ಡ ನಿಂತಳು. ಯುದ್ಧ ಕಂಡು ಬದುಕುಳಿದವರ ಮಾತುಗಳನ್ನು ರೆಕಾರ್ಡ್ ಮಾಡಿಡುವುದು ಅವಳ ಕೆಲಸ. ಅವರ ಚಿತ್ರ ತೆಗೆಯಲು ಕಚೇರಿಗೆ ಹೊಸಬನೊಬ್ಬ ಬಂದಿರುವುದು ಅವಳಿಗೆ ಗೊತ್ತಿತ್ತು. ಆದರೆ ಅಜ್ಜಿಯ ಚಿತ್ರಕ್ಕೆ ಇವತ್ತೇ ಬರಬೇಕೇ?

"ಸಾವಿನ ಸುದ್ದಿ ಬಂದಿರೋ ಮನೆ ಇದು. ಕ್ಯಾಮೆರಾ ತಗೊಂಡು ಬಂದ್ಬಿಟ್ರಾ?"

"ಕ್ಷಮಿಸಿ... ಗೊತ್ತಿರಲಿಲ್ಲ. ಇನ್ನೊಂದಿನ ಬರ್ತೀನಿ."

ಅಷ್ಟು ಸಿಟ್ಟಿನಲ್ಲೂ ಆ ದನಿ ಅವಳ ಎದೆಯನ್ನು ಮೆಲ್ಲನೆ ಮುಟ್ಟಿತು.

"ಒಳಗೆ ಬಿಡೇ ಗಿಣೀ," ಅಜ್ಜಿ ಕೂಗಿದಳು. "ನಾಳೆಯಿಂದ ನಾನು ಬರೀ ವಿಧವೆ. ಕಾಯ್ತಾ ಕೂತ ಹೆಂಡತಿ ಫೋಟೊ ಇವತ್ತೇ ತೆಗೀಲಿ. ಅದೊಂದು ಬೇಕು ನಂಗೆ."

ಕಿಟಕಿಯ ಕೆಳಗಿನ ಉದ್ದನೆಯ ಬೆಂಚಿನ ಒಂದು ತುದಿಯಲ್ಲಿ ಅಜ್ಜಿ ಕುಳಿತಳು.

"ಸ್ವಲ್ಪ ನಡುವಿಗೆ ಬರ್ತೀರಾ, ಅಜ್ಜೀ?"

"ನಾನು ಇಲ್ಲೇ ಸರಿ ಕಣಪ್ಪ."

ಅವನು ಚಿತ್ರ ತೆಗೆದ. ಮೊಮ್ಮಗಳು ರೆಕಾರ್ಡರಿನ ಗುಂಡಿ ಒತ್ತಿದೊಡನೆ ಅವನು ಕ್ಯಾಮೆರಾ ಎತ್ತಿಕೊಂಡು ಹೊರಟೇಹೋದ.

'ಎಂಥ ಕಲ್ಲು ಮನಸ್ಸು! ಮುಖ ಮಾತ್ರ ಬೇಕು, ಮಾತು ಬೇಡ...' ಎಂದುಕೊಂಡಳು ಮೊಮ್ಮಗಳು.

ಅಜ್ಜಿ ಕನಸಿನಲ್ಲಿ ಮಾತಾಡುವವಳಂತೆ ಹೇಳತೊಡಗಿದಳು. "ಹೊರಡೋ ಬೆಳಿಗ್ಗೆ ಅವರು ನನ್ನ ಪಕ್ಕ ಇಲ್ಲೇ ಕೂತು ಬೂಟಿನ ದಾರ ಕಟ್ಕೊಂಡ್ರು. 'ನನ್ನ ಜಾಗ ಯಾರಿಗೂ ಕೊಡಬೇಡ ಕಣೇ' ಅಂದ್ರು. ಕೊಡ್ಲಿಲ್ಲ. ನೆಂಟರು ಬಂದ್ರೂ ನೆಲದ ಮೇಲೇ ಕೂರಿಸಿದೆ! ಎಷ್ಟು ಜನ ಮುನಿಸ್ಕೊಂಡ್ರೋ..."

ಕೆಲವು ದಿನಗಳಲ್ಲಿ ಚಿತ್ರ ಬಂತು. ಮುಖದ ಒಂದೊಂದು ಸುಕ್ಕೂ ಜೀವಂತ. ಆದರೆ ಬೆಂಚೇ ಇಲ್ಲ! ಅಜ್ಜಿ ಅದನ್ನು ಮಗುಚಿ ಇಟ್ಟಳು.

ಮೊಮ್ಮಗಳು ನೇರ ಅವನ ಕತ್ತಲೆಕೋಣೆಗೆ ಹೋದಳು.

"ಉಳಿದ ಅರ್ಧ ಎಲ್ಲಿ?"

"ಖಾಲಿ ಇತ್ತಲ್ಲ... ಪ್ರಿಂಟ್ ಹಾಕುವಾಗ ಬಿಟ್ಟುಬಿಟ್ಟೆ."

"ಖಾಲಿ ಅಲ್ಲ ರೀ! ಅದು ನಮ್ಮಜ್ಜನ ಜಾಗ! ನಿಮಗೆ ಹೇಗೆ ಗೊತ್ತಾಗ್ಬೇಕು? ಮಾತು ಶುರುವಾಗೋ ಮೊದಲೇ ಓಡಿಹೋದ್ರಲ್ಲ!"

ಅವನ ಮುಖ ಬಾಡಿತು.

"ಕೇಳಿದ್ರೆ ಕೈ ನಡುಗುತ್ತೆ. ನಮ್ಮಮ್ಮನೂ ಯುದ್ಧದ ಬಗ್ಗೆ ಹೇಳ್ತಿದ್ಲು. ಕೇಳ್ತಾ ಕೇಳ್ತಾ ತೆಗೆದ ಅವಳ ಫೋಟೊ ಎಲ್ಲಾ ಮಸುಕು... ಈಗ ತೆಗೀತೀನಿ ಅಂದ್ರೆ ಅಮ್ಮ ಇಲ್ಲ."

ಅವಳ ಸಿಟ್ಟು ಎಲ್ಲಿ ಕರಗಿತೋ! ಅಜ್ಜಿಯ ಮಾತಿದ್ದ ರೆಕಾರ್ಡರನ್ನು ಹೊರತೆಗೆದು ಹೆಡ್‌ಫೋನನ್ನು ತಾನೇ ಅವನ ಕಿವಿಗಿಟ್ಟಳು. ಅವನ ಕೈ ನಡುಗತೊಡಗಿದಾಗ ಹಿಡಿದುಕೊಂಡಳು. ಅವನು ಕೊನೆಯವರೆಗೂ ಕೇಳಿದ.

ಆಮೇಲೆ ಕೆಂಪು ದೀಪದ ಮಬ್ಬಿನಲ್ಲಿ ಅದೇ ನೆಗೆಟಿವ್‌ನಿಂದ ಇಡೀ ಚಿತ್ರವನ್ನು ಮತ್ತೆ ತೊಳೆದರು. ದ್ರಾವಣದೊಳಗೆ ಮೊದಲು ಅಜ್ಜಿ ಮೂಡಿದಳು, ಆಮೇಲೆ ಬೆಂಚು... ಅದರ ಆ ಬದಿಯಲ್ಲಿ ಕಿಟಕಿಯ ಬೆಳಕು ಬಿದ್ದಿತ್ತು, ಯಾರೋ ಈಗಷ್ಟೇ ಬಂದು ಕುಳಿತಂತೆ!

ಇಬ್ಬರೂ ಮನೆಗೆ ತಂದುಕೊಟ್ಟ ಚಿತ್ರದಲ್ಲಿ ಅಜ್ಜಿ ಆ ಬೆಳಕನ್ನು ಬಹಳ ಹೊತ್ತು ಸವರಿದಳು. ಆಗ ಅತ್ತಳು. ಅತ್ತು ಹಗುರಾಗಿ ಬೆಂಚಿನಿಂದೆದ್ದಳು.

"ಕೂತ್ಕೊಳ್ಳಿ, ಇಬ್ಬರೂ."

"ಅಜ್ಜೀ, ಅದು ಅಜ್ಜನ ಜಾಗ!"

"ಕಾಯೋ ಕೆಲಸ ಮುಗೀತು. ಇಷ್ಟು ವರ್ಷ ಕಾದವಳು ನಾನು, ಬೇಕಾದವರಿಗೆ ಕೊಡ್ತೀನಿ. ಕೂತ್ಕೋ ಮಗಾ, ಬೆಂಚು ಕಚ್ಚಲ್ಲ."

ಅವನು ಅಜ್ಜನ ತುದಿಗೆ ಕುಳಿತ. ಮೊಮ್ಮಗಳು ಅಜ್ಜಿಯ ತುದಿಗೆ.

"ಸ್ವಲ್ಪ ನಡುವಿಗೆ ಬರ್ತೀರಾ?" ಅವನು ಪಿಸುಗುಟ್ಟಿದ.

"ಮಾತು ಶುರು ಮಾಡಿದ್ರೆ ಓಡಿಹೋಗಲ್ಲ ತಾನೇ?"

"ನಿಮ್ಮ ಮಾತು ಮುಗಿಯೋವರೆಗೂ ಇಲ್ಲೇ ಇರ್ತೀನಿ."

"ನನ್ನ ಮಾತು ಮುಗಿಯೋದೇ ಇಲ್ಲ..."

"ಗೊತ್ತು. ಅದಕ್ಕೇ ಹೇಳ್ದೆ."

ಅವಳು ನಕ್ಕು, ಸರಿದು ಹತ್ತಿರ ಬಂದಳು.

ಅಜ್ಜಿ ಬಿಲ್ಲೆಯನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದಳು.

"ದೇವರೇ, ಹಿಂದಿರುಗಿ ಬರಬೇಕನ್ನೋ ಚಿಂತೆ ಅವರಿಗಿನ್ನು ಬೇಡ. ಅವರ ಜಾಗ ಬರಿದಾಗಿಲ್ಲ. ಆ ದೂರದ ಮಣ್ಣಲ್ಲಿ ಅವರ ಜೀವ ನೆಮ್ಮದಿಯಾಗಿ ಮಲಗಲಿ..."