ಕೋಳಿಗೂಡಿನ ಬಾಗಿಲ ಹಗ್ಗ

"ಬೇಲಿ ಎಲ್ಲಿಂದ ಎಲ್ಲಿಗೆ ಬೇಕಾದ್ರೂ ಹಾಕು ಅಣ್ಣ. ಆ ಹಗ್ಗಕ್ಕೆ ಮಾತ್ರ ಕೈ ಹಾಕಬೇಡ" ಎಂದು ತಂಗಿ ಹೇಳಿದಾಗ ವೆಲ್ಡರ್ ಹಿತ್ತಲ ಗೋಡೆಗೆ ಅಳತೆ ಟೇಪು ಹಿಡಿದಿದ್ದ. ಹನ್ನೆರಡು ಅಡಿ ಎಂದು ಸೀಮೆಸುಣ್ಣದಲ್ಲಿ ಬರೆದುಕೊಂಡು ಆಮೇಲೆ ನಿಧಾನವಾಗಿ ತಿರುಗಿ ನೋಡಿದ.

ಹಗ್ಗ ಕೋಳಿಗೂಡಿನ ಬಾಗಿಲ ಕಂಬಕ್ಕೆ ಸುತ್ತಿಕೊಂಡಿತ್ತು. ಮೇಕೆಯ ಕೂದಲಿನಲ್ಲಿ ಹೊಸೆದದ್ದು. ಹೆಬ್ಬೆರಳಿನ ದಪ್ಪ, ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟು. ಮೂಗು ಹತ್ತಿರ ಒಯ್ದರೆ ಮೊದಲು ಸುಟ್ಟ ಕೂದಲಿನ ವಾಸನೆ, ಅದರ ಬೆನ್ನಿಗೇ ನಾಯಿಯ ಬಾಯಿಂದ ಬರುವ ಹಳಸಿದ ಮಾಂಸದ ವಾಸನೆ.

"ಏನಿದು? ಕೋಳಿಗಳು ಬಟ್ಟೆ ಒಣಗಿಸೋಕಾ?"

ತಂಗಿ ನಗಲಿಲ್ಲ. "ಬಾಯಿಕಟ್ಟು ಅದು. ಹಗ್ಗದಜ್ಜಿ ಕಟ್ಟಿದ್ದು" ಎಂದಳು.

ಎರಡು ವರ್ಷದ ಹಿಂದೆ ಬೀದಿನಾಯಿಗಳು ಹಿತ್ತಲಿಗೆ ನುಗ್ಗಿ ಇಪ್ಪತ್ಮೂರು ಕೋಳಿ, ಒಂದು ಮೇಕೆಮರಿಯನ್ನು ಹರಿದುಹಾಕಿದ್ದವು. ಗಂಡ ಬಿಟ್ಟುಹೋದ ಮೇಲೆ ಮೊಟ್ಟೆ, ಹಾಲನ್ನೇ ನಂಬಿಕೊಂಡಿದ್ದವಳು ತಂಗಿ. ಬೀದಿಯ ಕೊನೆಯಲ್ಲಿ ಹಗ್ಗ ಹೊಸೆಯುವ ಮುದುಕಿಯೊಬ್ಬಳಿದ್ದಳು. ತಂಗಿ ಅವಳನ್ನು ಎಳೆದುಕೊಂಡು ಬಂದಾಗ ನಾಯಿಗಳು ಇನ್ನೂ ತಿನ್ನುತ್ತಲೇ ಇದ್ದವಂತೆ. ಮುದುಕಿ ಅವುಗಳ ಕಡೆ ಕಣ್ಣೆತ್ತಿಯೂ ನೋಡದೆ, ಮನೆಯಲ್ಲಿ ಉಳಿದ ಜೀವಗಳ ಹೆಸರನ್ನು ಒಂದೊಂದಾಗಿ ಹೇಳು ಎಂದಳಂತೆ.

"ಗಂಟು ಬಿಗಿಯೋ ಹೊತ್ತಿಗೆ ಹಿತ್ತಲಲ್ಲಿ ಎಷ್ಟು ಬಾಯಿ ಇರುತ್ತೋ ಅಷ್ಟೂ ಕಟ್ಟಿಹೋಗುತ್ತೆ. ಹೆಸರು ಹೇಳಿದ್ದು ಮಾತ್ರ ಬಚಾವು. ನಂದು, ಅಜ್ಜಿದು ಹೇಳಿದೆ, ಉಳಿದ ಕೋಳಿದು, ಮೇಕೆದು ಎಲ್ಲಾ ಹೇಳಿದೆ. ಮಂಕಿ ಬುಟ್ಟಿ ಕೆಳಗಿತ್ತು. ಅದನ್ನ ಮರೆತೆ."

ಮಂಕಿ ಎಂದರೆ ಗೂಡಿನ ಮೂಲೆಯಲ್ಲಿ ಕೂತಿದ್ದ ಬೂದು ಬಣ್ಣದ ಹೇಂಟೆ. ಎರಡು ವರ್ಷದಿಂದ ಒಂದು ಕಾಳೂ ಕುಕ್ಕಿಲ್ಲ, ಸತ್ತೂ ಇಲ್ಲ ಎಂದಳು ತಂಗಿ. ವೆಲ್ಡರ್ ಬಗ್ಗಿ ನೋಡಿದ. ಗರಿ ಎತ್ತಿದರೆ ಒಳಗೆ ಬರೀ ಮೂಳೆ. ಕಾವು ಕೂತಿರಬೇಕು ಎಂದುಕೊಂಡು ಸುಮ್ಮನಾದ.

ವಾದ ಮಾಡುವಷ್ಟು ಹುರುಪು ಅವನಲ್ಲಿರಲಿಲ್ಲ. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂಗಡಿಯ ಶಟರ್ ಎಳೆದು, ವೆಲ್ಡಿಂಗ್ ಮಿಷನ್ನೂ ಒಂದು ಚೀಲ ಬಟ್ಟೆಯನ್ನೂ ಹೊತ್ತು ತಂಗಿಯ ಮನೆಗೆ ಬಂದಿದ್ದ. ಬಂದ ದಿನ ತಂಗಿ ಅತ್ತಳು, ಇವನಿಗೆ ಅಳು ಬರಲಿಲ್ಲ. ಹಸಿವಾದಾಗ ಉಂಡ, ಕತ್ತಲಾದಾಗ ಮಲಗಿದ. ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಹೆಂಡತಿ ಒಬ್ಬಳೇ. ಈಗ ಊರಿಗೆ ವೆಲ್ಡರ್, ತಂಗಿಗೆ ಅಣ್ಣ. ಹೆಸರಿನ ನೆನಪು ಅವನಿಗೂ ಆಗುತ್ತಿರಲಿಲ್ಲ.

ಕೆಲಸ ಮಾತ್ರ ಕೈಗೆ ನೆನಪಿತ್ತು. ಕಬ್ಬಿಣದ ಕಂಬ ನೆಟ್ಟ. ಬೆರಳು ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಎಳೆದ. ನಾಯಿ ಬುಡ ಕೆರೆದು ಒಳನುಗ್ಗುತ್ತದೆಂದು ಜಾಲರಿಯನ್ನು ಒಂದೂವರೆ ಅಡಿ ಮಣ್ಣೊಳಗೆ ಇಳಿಸಿ, ಹೊರಮುಖವಾಗಿ ಮಡಿಸಿ, ಮೇಲೆ ಕಲ್ಲು ಹೇರಿದ. ಒಳಗಿನಿಂದ ಮಾತ್ರ ತೆರೆಯುವ ಒಂದು ಚಿಲಕ ಮಾಡಿದ. ಹೊರಗಿನಿಂದ ತೆಗೆಯಲು ಪಂಜ ಹಾಗಿರಲಿ, ಕೈಯಿಂದಲೂ ಆಗದು.

ಅಷ್ಟು ದಿನವೂ ನಾಯಿಗಳು ಬೀದಿಯಲ್ಲಿ ನಿಂತು ನೋಡುತ್ತಿದ್ದವು. ಒಟ್ಟು ಹನ್ನೊಂದು. ಬೊಗಳುತ್ತಿರಲಿಲ್ಲ, ಗುರ್ ಎನ್ನುತ್ತಿರಲಿಲ್ಲ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಮಧ್ಯಾಹ್ನದ ಸುಡು ಬಿಸಿಲಲ್ಲಿ ಅವನಿಗೊಂದು ಹೊಳೆಯಿತು. ಯಾವ ನಾಯಿಯೂ ನಾಲಿಗೆ ಹೊರಹಾಕಿ ತೇಕುತ್ತಿಲ್ಲ. ಹನ್ನೊಂದೂ ಬಾಯಿ ಬಿಗಿದುಕೊಂಡು ಮೂಗಿನಿಂದಲೇ ಉಸಿರೆಳೆಯುತ್ತಿವೆ. ಏನೋ ಕಾಯಿಲೆ ಬಂದಿರಬೇಕು ಎಂದುಕೊಂಡು ಅವನು ಮತ್ತೆ ಕನ್ನಡಕ ಏರಿಸಿದ.

ಉಳಿದದ್ದು ಗೇಟು. ಹಿತ್ತಲಿನಲ್ಲಿ ಭದ್ರವಾಗಿದ್ದ ಹಳೆಯ ಕಂಬ ಕೋಳಿಗೂಡಿನದೊಂದೇ. ಬೇಲಿ ಬಂದು ಅದಕ್ಕೇ ಸೇರುತ್ತಿತ್ತು. ಕೀಲು ಕೂರಬೇಕಾದ ಜಾಗದಲ್ಲೇ ಹಗ್ಗ ಇತ್ತು. ತಂಗಿ ತೌಡು ತರಲು ಅಂಗಡಿಗೆ ಹೋಗಿದ್ದಳು. ಅವಳು ಬರುವುದರೊಳಗೆ ಮುಗಿಸಿದರೆ ಜಗಳವಿಲ್ಲ. ಹಗ್ಗದಜ್ಜಿ ಸತ್ತು ವರ್ಷವಾಯಿತು, ಇನ್ನು ಯಾರಿಗೆ ಬೇಜಾರು?

"ಎರಡಿಂಚು ಪಕ್ಕಕ್ಕೆ ಕಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಜ್ಜಿ?" ಎಂದು ಸತ್ತ ಮುದುಕಿಯನ್ನು ಬೈಯುತ್ತ ಕಟರ್ ಹಿಡಿದ.

ಹಗ್ಗ ಸುಲಭಕ್ಕೆ ತುಂಡಾಗಲಿಲ್ಲ. ಮೂರು ಕಡೆ ಕತ್ತರಿಸಬೇಕಾಯಿತು. ಮೂರನೆಯ ಏಟಿಗೆ ಗಂಟು ತಾನಾಗಿಯೇ ಬಿಚ್ಚಿಕೊಂಡಿತು. ಒಳಗೆ ಕಟ್ಟಿಹಾಕಿದ್ದ ಉಸಿರನ್ನು ಯಾರೋ ಬಿಟ್ಟಂತೆ ಬಿಸಿ ಗಾಳಿ ಅವನ ಮಣಿಕಟ್ಟನ್ನು ಸವರಿ ಹೋಯಿತು. ಅವನಿಗೆ ಏನೂ ಅನ್ನಿಸಲಿಲ್ಲ. ಕೀಲು ಬೆಸೆದ. ಕಿಡಿ ಹಾರಿ ನೆಲಕ್ಕೆ ಬಿದ್ದಿದ್ದ ಎರಡು ತುಂಡು ಹಗ್ಗ ಹೊತ್ತಿಕೊಂಡು ಬೂದಿಯಾದವು. ಮೊಳದುದ್ದದ ಒಂದು ತುಂಡು ಉಳಿಯಿತು. ಗೇಟು ಏರಿಸಿ, ಚಿಲಕ ಬೀಳಿಸಿ ನೋಡಿದ. ಸರಿಯಾಗಿ ಕೂತಿತ್ತು.

ಆಗ ಗೂಡಿನೊಳಗೆ ಟಕ್ ಎಂದು ಸದ್ದಾಯಿತು.

ಮಂಕಿ ಎದ್ದು ನಿಂತಿತ್ತು. ಕಾಳಿನ ತಟ್ಟೆಯಲ್ಲಿ ಕುಕ್ಕುತ್ತಿತ್ತು. ತಟ್ಟೆ ಖಾಲಿಯಾಯಿತು. ನೆಲ ಕುಕ್ಕಿತು. ಹಿಕ್ಕೆ, ಗರಿ, ಸಣ್ಣ ಕಲ್ಲು ಎಲ್ಲವನ್ನೂ ಕುಕ್ಕಿತು. ಒಂದು ಮೊಟ್ಟೆ ಒಡೆದು ಸಿಪ್ಪೆಸಮೇತ ನುಂಗಿತು. ಕತ್ತಿನ ಚೀಲ ಉಬ್ಬಿ ಉಬ್ಬಿ ಚರ್ಮ ಹೊಳೆಯತೊಡಗಿತು. ಆದರೂ ನಿಲ್ಲಿಸಲಿಲ್ಲ. ಕೊನೆಗೆ ಒದ್ದೆ ಬಟ್ಟೆ ಹರಿದಂಥ ಸದ್ದಾಗಿ ಕಾಳು ಮಣ್ಣೆಲ್ಲ ಕತ್ತಿನಿಂದಲೇ ನೆಲಕ್ಕೆ ಸುರಿಯಿತು. ಮಂಕಿ ಬಗ್ಗಿ ತನ್ನಿಂದ ಸುರಿದದ್ದನ್ನೇ ಮತ್ತೆ ಕುಕ್ಕಿತು, ಆಮೇಲೆ ಪಕ್ಕಕ್ಕೆ ಉರುಳಿತು.

ವೆಲ್ಡರ್ ಕನ್ನಡಕ ತೆಗೆದ. ಬೀದಿಯ ಕಡೆಯಿಂದ ಒಂದು ನಾಯಿ ಬೊಗಳಿತು. ಈ ಮನೆಗೆ ಬಂದ ಮೇಲೆ ಅವನು ಕೇಳಿದ ಮೊದಲ ಬೊಗಳು ಅದು.

ಹನ್ನೊಂದೂ ಬಂದವು. ಬಾಯಿ ತೆರೆದೇ ಇದ್ದವು. ಒಳಗೆ ನಾಲಿಗೆಗಳು ಕಪ್ಪಾಗಿ ಒಣಗಿದ್ದವು. ಎರಡು ವರ್ಷದ ಹಳಸು ವಾಸನೆ ಹಿತ್ತಲನ್ನೆಲ್ಲ ತುಂಬಿತು. ಮೇಕೆಗಳು ಗೋಡೆಗೆ ಒತ್ತಿಕೊಂಡವು. ನಾಯಿಗಳು ಬುಡ ಕೆರೆದವು, ಮಡಿಸಿದ ಜಾಲರಿ ಉಗುರಿಗೆ ತಗುಲಿತು. ತಂತಿಯನ್ನೇ ಕಚ್ಚಿದವು. ಹಲ್ಲು ಮುರಿದು ಬಿದ್ದರೂ ಕಚ್ಚುವುದನ್ನು ಬಿಡಲಿಲ್ಲ. ಬೇಲಿ ಅಲ್ಲಾಡಲಿಲ್ಲ. ಇಂಥ ಹೊತ್ತಿನಲ್ಲೂ ಅವನಿಗೆ ತನ್ನ ಕೆಲಸದ ಬಗ್ಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಅಷ್ಟರಲ್ಲಿ ತಂಗಿ ತಲೆಯ ಮೇಲೆ ತೌಡಿನ ಮೂಟೆ ಹೊತ್ತು ಬೀದಿಯ ತಿರುವಿನಲ್ಲಿ ಕಾಣಿಸಿದಳು. ನಾಯಿಗಳು ಒಟ್ಟಿಗೆ ಆ ಕಡೆ ತಿರುಗಿದವು.

ಎಂಟು ತಿಂಗಳಲ್ಲಿ ಮೊದಲ ಸಲ ಅವನ ಎದೆ ಹೊಡೆದುಕೊಂಡಿತು. ಚಿಲಕ ಎಳೆದ. ಕಬ್ಬಿಣದ ಸರಳು ಹಿಡಿದು ಓಡಿದ. ಮೂಟೆ ಬಿತ್ತು. ತೌಡಿನ ಧೂಳು ಎದ್ದಿತು. ಕಣ್ಣು ಕಾಣಲಿಲ್ಲ. ಕೈಗೆ ಸಿಕ್ಕ ಬೆನ್ನಿಗೆಲ್ಲ ಬಾರಿಸಿದ. ತಂಗಿಯ ಭುಜ ಸಿಕ್ಕಿತು. ಎಳೆದ. ಗೇಟಿನವರೆಗೆ ಎಳೆದ. ಒಳಗೆ ಎಳೆದ. ಅವಳ ಹಿಂದೆಯೇ ಹನ್ನೊಂದೂ ಒಳಗೆ ಬಂದವು.

ಗೇಟು ಮುಚ್ಚಲು ದಾರಿಯೇ ಇರಲಿಲ್ಲ. ಕೆಂಪು ಹೇಂಟೆಯೊಂದು ಕಿರುಚಿ ನಿಂತುಹೋಯಿತು. ಒಂದು ನಾಯಿ ತಂಗಿಯ ನೀಲಿ ರವಿಕೆಯ ತೋಳನ್ನು ಕಚ್ಚಿ ಜಗ್ಗುತ್ತಿತ್ತು. ಅವಳು ಕಂಬದ ಕಡೆ ನೋಡಿದಳು. ಕಂಬ ಬೋಳಾಗಿತ್ತು. ಅವಳು ಬೈಯಲಿಲ್ಲ.

"ಚೂರಾದ್ರೂ ಉಳಿದಿದ್ಯಾ?" ಎಂದಷ್ಟೇ ಕೇಳಿದಳು.

ಅವನು ನೆಲ ತಡಕಿದ. ಬೂದಿ. ಬೂದಿ. ಮೊಳದುದ್ದ ಹಗ್ಗ.

"ಹೆಸರು ಹೇಳು ಅಣ್ಣ. ಹೆಸರು ಹೇಳಿ ಗಂಟು ಹಾಕು. ಯಾರನ್ನೂ ಬಿಡಬೇಡ."

"ಪುಟ್ಟಿ" ಎಂದ. ಅದು ತಂಗಿ. "ಚುಕ್ಕಿ. ಗುಂಡಿ." ಮೇಕೆಗಳು ಮುಗಿದವು. ಹಗ್ಗವನ್ನು ಕಂಬಕ್ಕೆ ಸುತ್ತಿದ. "ಕುಂಟಿ. ಬಿಳಿಜುಟ್ಟು. ಜಗಳಗಂಟಿ." ಒಂದು ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು. "ಟೀಚರಮ್ಮ. ಸೋಂಬೇರಿ. ಕಳ್ಳಿ." ಕೆಂಪಿ ಹೋಯಿತು, ಅದು ಬೇಡ. ಇನ್ನೊಂದು ಇದೆ. ಯಾವುದು? ಗೂಡಿನ ಮಾಡಿನ ಮೇಲೆ ರೆಕ್ಕೆ ಬಡಿಯಿತು. ಹುಂಜ. "ಸಾಹುಕಾರ." ಮತ್ತೆ ಯಾರು? ಯಾರೂ ಇಲ್ಲ. ಎಲ್ಲರೂ ಆಯಿತು. ಎರಡೂ ತುದಿ ಎಳೆದು ಹಿಡಿದ. ಬಿಗಿದ.

ಸದ್ದು ನಿಂತಿತು.

ಹನ್ನೊಂದು ಬಾಯಿಗಳು ಒಟ್ಟಿಗೆ ಮುಚ್ಚಿಕೊಂಡವು. ಕೆಂಪಿಯನ್ನು ಹಿಡಿದಿದ್ದ ನಾಯಿಯ ಬಾಯಿಂದ ಹೆಣ ಜಾರಿ ಬಿತ್ತು. ಒಂದರ ಹಿಂದೊಂದು, ತಲೆ ತಗ್ಗಿಸಿಕೊಂಡು, ಗೇಟು ದಾಟಿ ಬೀದಿಗೆ ಹೋದವು. ತಂಗಿಯ ತೋಳಿನ ಬಟ್ಟೆ ಕಚ್ಚಿದ್ದ ನಾಯಿಗೆ ಮಾತ್ರ ಬಿಡಲು ಆಗಲಿಲ್ಲ. ದವಡೆ ಬೆಸೆದುಹೋಗಿತ್ತು. ವೆಲ್ಡರ್ ಅದೇ ಕಟರ್ ತಂದು ಬಟ್ಟೆಯನ್ನು ಸುತ್ತಲೂ ಕತ್ತರಿಸಿದ. ನಾಯಿ ನೀಲಿ ಚಿಂದಿಯನ್ನು ಬಾಯಲ್ಲೇ ಇಟ್ಟುಕೊಂಡು ಹೊರಟಿತು.

ತಂಗಿ ಚಿಲಕ ಬೀಳಿಸಿ, ಅಲ್ಲೇ ಕುಸಿದು ಕೂತು ಬಹಳ ಹೊತ್ತು ಉಸಿರೆಳೆದುಕೊಂಡಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಆಮೇಲೆ ಒಳಗೆ ಹೋಗಿ ಅವನ ಕಾಲಿನ ಗಾಯಕ್ಕೆ ಅರಿಶಿನ, ಕುಡಿಯಲು ಒಂದು ಚೊಂಬು ನೀರು ತಂದಳು.

ಅವನು ಚೊಂಬನ್ನು ತುಟಿಗೆ ಇಟ್ಟ. ನೀರು ಗಲ್ಲದ ಮೇಲೆ ಹರಿದು ಅಂಗಿ ನೆನೆಯಿತು. ಮತ್ತೊಮ್ಮೆ ಇಟ್ಟ. ಆಗಲೂ ಅಷ್ಟೇ. ತಂಗಿ ನೋಡುತ್ತಿದ್ದಳು. ಅವಳ ಮುಖದ ಬಣ್ಣ ಇಳಿಯುತ್ತ ಹೋಯಿತು.

"ಅಣ್ಣ. ನಿನ್ನ ಹೆಸರು ಹೇಳ್ಕೊಂಡ್ಯಾ?"

ಅವನು ನೆನಪು ಮಾಡಿಕೊಂಡ. ಮೇಕೆ ಎರಡು, ಕೋಳಿ ಆರು, ಹುಂಜ ಒಂದು, ಪುಟ್ಟಿ. ಎಲ್ಲರೂ ಆಯಿತು ಎಂದುಕೊಂಡಿದ್ದ. ಈ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಇದೆ ಎಂದು ಅವನಿಗೆ ಆ ಹೊತ್ತಿಗೆ ತೋಚಲೇ ಇಲ್ಲ. ಇಲ್ಲ ಎಂದು ತಲೆಯಾಡಿಸಿದ.

ತಂಗಿ ಒಳಗಿಂದ ಕುಡುಗೋಲು ತಂದು ಹಗ್ಗದ ಹತ್ತಿರ ನಿಂತಳು. "ಕುಯ್ದುಬಿಡ್ಲಾ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವನು ಹಗ್ಗ ನೋಡಿದ. ಗಂಟಿನಾಚೆ ಎರಡೂ ಕಡೆ ಬೆರಳಗಲ ತುದಿ ಉಳಿದಿತ್ತು. ಒಮ್ಮೆ ಕುಯ್ದರೆ ಇನ್ನೊಂದು ಗಂಟಿಗೆ ಹಗ್ಗವಿಲ್ಲ, ಹೊಸೆಯಲು ಮುದುಕಿಯೂ ಇಲ್ಲ. ಜಾಲರಿಯಾಚೆ ಹನ್ನೊಂದು ನಾಯಿಗಳು ಕೂತು ಕಾಯುತ್ತಿದ್ದವು. ಅವನು ಅವಳ ಕೈಯಿಂದ ಕುಡುಗೋಲು ತೆಗೆದು ಪಕ್ಕಕ್ಕಿಟ್ಟ.

ಕುಯ್ಯಲಾ ಎಂದು ತಂಗಿ ಮೊದಲು ದಿನಾ ಕೇಳುತ್ತಿದ್ದಳು. ಆಸ್ಪತ್ರೆಗೂ ಕರೆದೊಯ್ದಳು. ಡಾಕ್ಟರು ದವಡೆಯನ್ನು ಒತ್ತಿ, ಎಕ್ಸ್-ರೇ ತೆಗೆಸಿ, ಮೂಳೆಗೇನೂ ಆಗಿಲ್ಲ ಎಂದರು. ಮೂಗಿಗೆ ಹಾಕಿದ ನಳಿಕೆ ಒಂದು ಗಂಟೆಯೂ ನಿಲ್ಲದೆ ಹೊರಗೆ ಬಂತು. ಆಮೇಲೆ ವಾರಕ್ಕೊಮ್ಮೆ ಕೇಳಿದಳು. ಚುಕ್ಕಿ ಎರಡು ಮರಿ ಹಾಕಿದ ಮೇಲೆ ಕೇಳುವುದನ್ನು ಬಿಟ್ಟಳು. ಅವನಿಗೆ ಅದರಿಂದ ನೋವಾಗಲಿಲ್ಲ. ನೋವಾಗುವ ಜಾಗವನ್ನೆಲ್ಲ ಹಸಿವೇ ಹಿಡಿದುಕೊಂಡಿತ್ತು.

ಹಸಿವು ಕಡಿಮೆಯಾಗುತ್ತಿರಲಿಲ್ಲ, ಅವನನ್ನು ಸಾಯಿಸುತ್ತಲೂ ಇರಲಿಲ್ಲ. ಬೆಳಿಗ್ಗೆ ಗೂಡಿನ ಮುಂದೆ ಕೂತರೆ ಅವನಿಗೆ ಅರಿವಿಲ್ಲದೆಯೇ ಕಣ್ಣು ಕೋಳಿಗಳ ಕತ್ತಿನ ಮೇಲೆ ನಿಲ್ಲುತ್ತಿತ್ತು. ಸೋಂಬೇರಿ ಮೊಟ್ಟೆ ನಿಲ್ಲಿಸಿತು. ಗುಂಡಿ ಹಾಲು ಬಿಡಲಿಲ್ಲ. ಟೀಚರಮ್ಮ ಅವನ ನೆರಳು ಕಂಡರೂ ಮಾಡಿನ ಮೇಲೆ ಹಾರುತ್ತಿತ್ತು.

"ಅವು ಹೆದರ್ತಾವೆ ಅಣ್ಣ" ಎಂದಳು ತಂಗಿ ಒಂದು ದಿನ. ನೆಲ ನೋಡಿಕೊಂಡೇ ಹೇಳಿದಳು. ಅವನು ತಲೆಯಾಡಿಸಿದ. ತನ್ನ ಮಂಚವನ್ನು ತಾನೇ ಎತ್ತಿಕೊಂಡು, ಬೇಲಿಯಾಚೆ ಬೀದಿಯ ಬದಿಗೆ ಒಂದು ತಗಡು ಹೊದಿಸಿ ಹಾಕಿಕೊಂಡ. ನೀಲಿ ಚಿಂದಿಯ ನಾಯಿ ಸರಿದು ಜಾಗ ಬಿಟ್ಟಿತು.

ಈಗ ಹಿತ್ತಲಿಗೆ ಯಾವ ನಾಯಿಯ ಕಾಟವೂ ಇಲ್ಲ. ಪ್ರತಿ ಸಂಜೆ ತಂಗಿ ಗೇಟಿನ ಬಳಿ ನಿಂತು, ಮರಿಗಳನ್ನೂ ಸೇರಿಸಿ ಎಲ್ಲರ ಹೆಸರನ್ನೂ ಒಂದೊಂದಾಗಿ ಕರೆದು ಒಳಗೆ ಹಾಕುತ್ತಾಳೆ. ಕೊನೆಗೆ ಒಂದು ಕ್ಷಣ ತಡೆದು, ಹೆಂಡತಿ ಹೋದ ಮೇಲೆ ಯಾರೂ ಆಡದ ಅವನ ಹೆಸರನ್ನು ಮೆಲ್ಲಗೆ ಹೇಳುತ್ತಾಳೆ. ಅವನು ತಲೆಯೆತ್ತುತ್ತಾನೆ. ಅವನ ಸುತ್ತ ಹನ್ನೊಂದೂ ತಲೆಯೆತ್ತುತ್ತವೆ. ಆಮೇಲೆ ಅವನೇ ಮಾಡಿದ ಚಿಲಕ ಒಳಗಿನಿಂದ ಬೀಳುವ ಸದ್ದು ಕೇಳಿಸುತ್ತದೆ.